ಆರೋಗ್ಯಶಾಲೆಗಳ ದತ್ತಿಯೂ ಅನುಪಾಲನೆಯೂ

೧

ಪ್ರಾಚೀನ ದಾನಶಾಸನಗಳ ಅಂತ್ಯದಲ್ಲಿ ಬರುವ ಶಾಪಾಶೀರ್ವಾದದ ಶ್ಲೋಕಗಳನ್ನು ಚರಿತ್ರಕಾರರು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ರಾಜನ ಹೆಸರು, ಶಕವರ್ಷ, ದತ್ತಿಯ ಗ್ರಾಮ, ಸೀಮಾವಿವರ ಇವಿಷ್ಟನ್ನು ಬರೆದುಕೊಂಡ ಮೇಲೆ ಉಳಿದದ್ದು ಲಿಪಿಕಾರರ ರೂಢಿಯ ಮಾತೆಂದು ಬಿಟ್ಟುಬಿಡುವುದು ವಾಡಿಕೆ. ಆ ಶ್ಲೋಕಗಳಲ್ಲಿ ಒಂದರ ಅಭಿಪ್ರಾಯವು ಹೀಗಿದೆ: ದಾನ, ಪಾಲನೆ ಎಂಬೆರಡರಲ್ಲಿ ಪಾಲನೆಯೇ ಮೇಲು, ದಾನಮಾಡಿದವನಿಗೆ ಸ್ವರ್ಗವು ದೊರೆಯುವುದು, ಹಿಂದಿನವರ ದಾನವನ್ನು ಕಾಪಾಡಿದವನಿಗೆ ಚ್ಯುತಿಯಿಲ್ಲದ ಪದವಿಯೇ ದೊರೆಯುವುದು. ಇದು ಧರ್ಮಬೋಧೆಯ ಮಾತಾಗಿರುವಂತೆಯೇ ಲೋಕಾನುಭವದ ಮಾತೂ ಆಗಿದೆ.

ಈ ಮಾತಿನ ಸತ್ಯವು ಇತರ ಧರ್ಮಕಾರ್ಯಗಳಲ್ಲಿ ಕಾಣುವುದಕ್ಕಿಂತ ಆರೋಗ್ಯಶಾಲೆಗಳ ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ದೇವಾಲಯವು ಉತ್ಪತ್ತಿಯಿಲ್ಲದೆ ಪೂಜೆ ನಿಂತರೂ ಕಟ್ಟಡವಾಗಿ ನಿಲ್ಲುತ್ತದೆ. ಕೆರೆಯು ಹೂಳು ತೆಗೆಯದಿದ್ದರೂ ಕೆಲವು ಕಾಲ ನೀರು ಹಿಡಿಯುತ್ತದೆ. ಆರೋಗ್ಯಶಾಲೆಯಾದರೋ ವೈದ್ಯನು ಬಿಟ್ಟುಹೋದ ದಿನವೇ, ಔಷಧವು ತೀರಿದ ದಿನವೇ ಆರೋಗ್ಯಶಾಲೆಯಲ್ಲದೆ ಹೋಗುತ್ತದೆ. ಗೋಡೆಗಳು ಮಾತ್ರ ಉಳಿಯುತ್ತವೆ. ಆದಕಾರಣ ಈ ಸಂಸ್ಥೆಗಳ ಚರಿತ್ರೆಯಲ್ಲಿ ಯಾರು ಕಟ್ಟಿಸಿದರೆಂಬ ಪ್ರಶ್ನೆಗಿಂತ, ಯಾವ ಹುಟ್ಟುವಳಿಯಿಂದ, ಯಾರಿಗೆ ಎಷ್ಟು, ಎಷ್ಟು ಕಾಲ ಸಂದಿತೆಂಬ ಪ್ರಶ್ನೆಯೇ ಮುಖ್ಯವಾದದ್ದು. ಆ ದೃಷ್ಟಿಯಿಂದ ಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ದೊರೆಯುವ ಕೆಲವು ಪ್ರಮಾಣಗಳನ್ನು ಇಲ್ಲಿ ಪರಾಮರ್ಶಿಸಲಾಗಿದೆ.

೨

ವೈದ್ಯರಿಲ್ಲದ ಪ್ರದೇಶಕ್ಕೆ ವೈದ್ಯನನ್ನು ಒದಗಿಸುವುದು ರಾಜನ ಕರ್ತವ್ಯವೆಂಬ ಭಾವನೆ ಬಹಳ ಹಳೆಯದು. ಕ್ರಿ. ಪೂ. ಮೂರನೆಯ ಶತಮಾನದ ಅಶೋಕನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎಂಬ ಎರಡು ವಿಧದ ಚಿಕಿತ್ಸೆಗಳನ್ನು ತನ್ನ ರಾಜ್ಯದಲ್ಲಿಯೂ, ಚೋಳ ಪಾಂಡ್ಯ ಸತ್ಯಪುತ್ರ ಕೇರಳಪುತ್ರರ ಸೀಮೆಗಳಲ್ಲಿಯೂ, ಅವುಗಳಾಚೆಗಿನ ನೆರೆರಾಜ್ಯಗಳಲ್ಲಿಯೂ ಏರ್ಪಡಿಸಿದ ಸಂಗತಿಯು ಉಕ್ತವಾಗಿದೆ. ಅಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಔಷಧದ ಗಿಡಗಳು ಎಲ್ಲೆಲ್ಲಿ ಇರಲಿಲ್ಲವೋ ಅಲ್ಲಲ್ಲಿಗೆ ಅವುಗಳನ್ನು ತರಿಸಿ ನೆಡಿಸಲಾಯಿತೆಂದು ಶಾಸನವು ಹೇಳುತ್ತದೆ. ಬೇರು ಹಣ್ಣುಗಳ ವಿಷಯದಲ್ಲಿಯೂ ಹೀಗೆಯೇ. ಇರುವ ಕಡೆಗೆ ಮತ್ತಷ್ಟನ್ನು ಕೂಡಿಸುವುದಲ್ಲ, ಇಲ್ಲದ ಕಡೆಗೆ ಒಯ್ಯುವುದೇ ರಾಜಸಹಾಯದ ಲಕ್ಷಣವೆಂಬ ವಿವೇಕವು ಈ ಮಾತಿನಲ್ಲಿದೆ. ಆದರೆ ಈ ವ್ಯವಸ್ಥೆಯ ವೆಚ್ಚವು ಯಾವ ಮೂಲದಿಂದ ನಡೆಯಿತೆಂಬುದನ್ನು ಆ ಶಾಸನವು ಹೇಳುವುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವು ಆ ಮೂಲವನ್ನು ಹೇಳುತ್ತದೆ. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಓಲೆಗರಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಮುದ್ರಿಸಿದ ಈ ಗ್ರಂಥದ ಕಾಲವಿಚಾರದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ವಿಷಯದ ಪ್ರಾಚೀನತೆಯಲ್ಲಿ ಸಂದೇಹವಿಲ್ಲ. ಎರಡನೆಯ ಅಧಿಕರಣದ ಮೊದಲಲ್ಲಿರುವ ಜನಪದನಿವೇಶಪ್ರಕರಣವು ಹೊಸ ನಾಡನ್ನು ನೆಲೆಗೊಳಿಸುವ, ಇಲ್ಲವೆ ಹಾಳುಬಿದ್ದ ನಾಡನ್ನು ಮರಳಿ ನೆಲೆಗೊಳಿಸುವ ಕ್ರಮವನ್ನು ತಿಳಿಸುತ್ತದೆ. ಅಲ್ಲಿ ಭೂಮಿಯನ್ನು ಯಾರಾರಿಗೆ ಕೊಡಬೇಕೆಂಬ ಪಟ್ಟಿಯಲ್ಲಿ ಅಧ್ಯಕ್ಷರು, ಲೆಕ್ಕಿಗರು, ಗೋಪರು, ಸ್ಥಾನಿಕರು ಮುಂತಾದವರ ಜೊತೆಯಲ್ಲಿಯೇ ಚಿಕಿತ್ಸಕನೂ ಎಣಿಸಲ್ಪಟ್ಟಿದ್ದಾನೆ. ಲೆಕ್ಕವಿಲ್ಲದೆ ನಾಡು ನಡೆಯದಿರುವಂತೆ ವೈದ್ಯನಿಲ್ಲದೆ ನಾಡು ನಿಲ್ಲುವುದಿಲ್ಲವೆಂಬುದು ಗ್ರಂಥಕಾರನ ಅಭಿಪ್ರಾಯವೆಂದು ಇದರಿಂದ ತಿಳಿಯುತ್ತದೆ. ಅದಕ್ಕಿಂತಲೂ ಮುಖ್ಯವಾದದ್ದು ಅಲ್ಲಿ ಹಾಕಿರುವ ನಿಬಂಧನೆ. ಹೀಗೆ ಕೊಟ್ಟ ಭೂಮಿಯನ್ನು ಮಾರಕೂಡದು, ಒತ್ತೆಯಿಡಕೂಡದು. ವೈದ್ಯನ ಕಷ್ಟಕಾಲದಲ್ಲಿ ಭೂಮಿಯು ಪರಾಧೀನವಾದರೆ ಅವನ ತರುವಾಯ ಆ ಊರಿಗೆ ಬರುವ ವೈದ್ಯನಿಗೆ ಆಧಾರವಿಲ್ಲದಂತಾಗುವುದು. ಇಂತಹ ಹಾನಿಯನ್ನು ಈ ನಿಬಂಧನೆಯು ತಡೆಯುತ್ತದೆ. ಭೂಮಿಯು ವ್ಯಕ್ತಿಯದಲ್ಲ, ವೃತ್ತಿಯದು ಎಂಬುದೇ ಇದರ ಸಾರ.

ಪುರಾಣಗಳಲ್ಲಿ ಆರೋಗ್ಯದಾನವು ಮಹಾದಾನಗಳ ಸಾಲಿಗೆ ಸೇರುವಷ್ಟು ಪ್ರಶಂಸೆಗೆ ಪಾತ್ರವಾಗಿದೆ. ದೇವಗಿರಿಯ ಸೇವುಣ ರಾಜರಾದ ಮಹಾದೇವ, ರಾಮಚಂದ್ರರ ಕಾಲದಲ್ಲಿ ಶ್ರೀಕರಣಾಧಿಪನಾಗಿದ್ದ ಹೇಮಾದ್ರಿಯು ತನ್ನ ಚತುರ್ವರ್ಗಚಿಂತಾಮಣಿಯ ದಾನಖಂಡದಲ್ಲಿ ನಂದಿಪುರಾಣದ ವಚನಗಳನ್ನು ಸಂಗ್ರಹಿಸಿದ್ದಾನೆ. ಧರ್ಮಾರ್ಥಕಾಮಮೋಕ್ಷಗಳಿಗೆ ಆರೋಗ್ಯವೇ ಸಾಧನವಾದ್ದರಿಂದ ಆರೋಗ್ಯವನ್ನು ಕೊಟ್ಟವನು ನಾಲ್ಕನ್ನೂ ಕೊಟ್ಟಂತಾಗುವನೆಂಬುದು ಅಲ್ಲಿಯ ವಾದ. ಆರೋಗ್ಯಶಾಲೆಯ ಲಕ್ಷಣವನ್ನು ಹೇಳುವಾಗ ಉತ್ತಮವಾದ ಔಷಧಸಾಮಗ್ರಿ, ನಿಪುಣನಾದ ವೈದ್ಯ, ಪರಿಚಾರಕರು, ಅವರು ವಾಸಮಾಡುವ ಮನೆಗಳು ಇವೆಲ್ಲವನ್ನೂ ಕೂಡಿಸಿ ಹೇಳಿದೆ. ವೈದ್ಯನು ಶಾಸ್ತ್ರವನ್ನು ಬಲ್ಲವನಾಗಿರುವುದಲ್ಲದೆ, ಔಷಧದ ಪರಿಣಾಮವನ್ನು ಕಣ್ಣಾರೆ ಕಂಡವನೂ, ಮೂಲಿಕೆಗಳನ್ನು ಕೀಳತಕ್ಕ ಕಾಲವನ್ನು ಅರಿತವನೂ ಆಗಿರಬೇಕು. ಪರಿಚಾರಕರ ವಸತಿಯನ್ನು ಶಾಲೆಯ ಅಂಗವೆಂದೇ ಎಣಿಸಿರುವುದು ಸಾಮಾನ್ಯ ಸಂಗತಿಯಲ್ಲ. ಹಳ್ಳಿಯಲ್ಲಿ ಇರುವುದಕ್ಕೆ ಮನೆಯಿಲ್ಲದವನು ಹಳ್ಳಿಯಲ್ಲಿ ನಿಲ್ಲುವುದಿಲ್ಲವೆಂಬ ಅನುಭವವು ಇದರ ಹಿಂದಿರಬೇಕು.

೩

ಗ್ರಂಥಗಳ ವಿಧಿಯು ಆಚರಣೆಯಲ್ಲಿ ಹೇಗಿತ್ತೆಂಬುದನ್ನು ಶಾಸನಗಳಿಂದಲೇ ತಿಳಿಯಬೇಕು. ಇವುಗಳಲ್ಲಿ ಅತ್ಯಂತ ವಿವರವಾದದ್ದು ತೊಂಡೈಮಂಡಲದ ತಿರುಮುಕ್ಕೂಡಲಿನ ಚೋಳ ಶಾಸನ. ಪಾಲಾರ್, ವೇಗವತಿ, ಚೆಯ್ಯಾರ್ ನದಿಗಳು ಕೂಡುವ ಸ್ಥಳದಲ್ಲಿರುವ ವೆಂಕಟೇಶ ಪೆರುಮಾಳರ ಗುಡಿಯಲ್ಲಿ, ವೀರರಾಜೇಂದ್ರ ಚೋಳನ ಆಳ್ವಿಕೆಯಲ್ಲಿ, ಹನ್ನೊಂದನೆಯ ಶತಮಾನದ ಏಳನೆಯ ದಶಕದಲ್ಲಿ ಇದು ಬರೆಯಲ್ಪಟ್ಟಿತು. ವಯಲೈಕ್ಕಾವೂರ್ ಎಂಬ ಗ್ರಾಮದ ಹುಟ್ಟುವಳಿಯನ್ನು ಗುಡಿಯ ಪೂಜೆಗೂ, ವೇದ ವ್ಯಾಕರಣಾದಿಗಳನ್ನು ಕಲಿಸುವ ಪಾಠಶಾಲೆಗೂ, ವಿದ್ಯಾರ್ಥಿಗಳ ವಸತಿಗೂ, ‘ವೀರಸೋಳನ್’ ಎಂಬ ಹೆಸರಿನ ಆತುರಶಾಲೆಗೂ ಹಂಚಿಕೊಟ್ಟಿರುವ ಪರಿಯು ಇದರಲ್ಲಿದೆ.

ಆ ಆತುರಶಾಲೆಯಲ್ಲಿ ೧೫ ಹಾಸಿಗೆಗಳು. ಚಿಕಿತ್ಸೆಮಾಡುವ ವೈದ್ಯನಾದ ಕೋದಂಡರಾಮ ಅಶ್ವತ್ಥಾಮ ಭಟ್ಟನಿಗೆ ವರ್ಷಕ್ಕೆ ೯೦ ಕಲ ಭತ್ತ. ಶಲ್ಯಕ್ರಿಯೆ ಮಾಡುವವನಿಗೆ ೩೦ ಕಲ ಭತ್ತ. ಮೂಲಿಕೆಗಳನ್ನು ತಂದು ಸೌದೆ ಒದಗಿಸಿ ಔಷಧವನ್ನು ಅಟ್ಟುವವರು ಇಬ್ಬರು, ರೋಗಿಗಳ ಶುಶ್ರೂಷೆಗೆ ಇಬ್ಬರು ಹೆಂಗಸರು, ಕ್ಷೌರಿಕನೊಬ್ಬ, ನೀರು ತರುವವನೊಬ್ಬ. ಇವರೆಲ್ಲರಿಗೂ ಪ್ರತ್ಯೇಕವಾದ ವೇತನ. ರೋಗಿಗಳಿಗೆ ನಿತ್ಯವೂ ಅಕ್ಕಿ, ರಾತ್ರಿಯಲ್ಲಿ ಉರಿಯುವ ದೀಪಕ್ಕೆ ಎಣ್ಣೆ. ವರ್ಷವೊಂದಕ್ಕೆ ಸಂಗ್ರಹಿಸಿಡಬೇಕಾದ ಔಷಧಗಳನ್ನು ಹೆಸರು ಹಿಡಿದು ಹೇಳಿದೆ: ವಾಸಾಹರೀತಕಿ, ದಶಮೂಲಹರೀತಕಿ, ಬಿಲ್ವಾದಿಘೃತ, ಕಲ್ಯಾಣಕ ಲವಣ, ಪುರಾಣಘೃತ ಮೊದಲಾದವು. ಹಳೆಯ ತುಪ್ಪವೊಂದಕ್ಕೂ ಲೆಕ್ಕವಿಟ್ಟಿರುವುದನ್ನು ನೋಡಿದರೆ, ಈ ಪಟ್ಟಿಯನ್ನು ಬರೆಯಿಸಿದವರು ಔಷಧಶಾಲೆಯ ಕಷ್ಟವನ್ನು ಬಲ್ಲವರೆಂದು ಹೇಳಬೇಕಾಗುತ್ತದೆ.

ಈ ಶಾಲೆಯ ಪ್ರಯೋಜನವು ಮುಖ್ಯವಾಗಿ ಅಲ್ಲಿಯ ಅಧ್ಯಾಪಕರು, ವಿದ್ಯಾರ್ಥಿಗಳು, ಗುಡಿಯ ಪರಿಚಾರಕರು ಇವರಿಗೇ ಉದ್ದಿಷ್ಟವಾಗಿತ್ತು, ಇದನ್ನು ಮರೆಮಾಚಬೇಕಾದುದಿಲ್ಲ. ಸುತ್ತಣ ಕೃಷಿಕರಿಗೆ ಅದರ ಬಾಗಿಲು ಎಷ್ಟರಮಟ್ಟಿಗೆ ತೆರೆದಿತ್ತೆಂಬುದಕ್ಕೆ ಶಾಸನದಲ್ಲಿ ಆಧಾರವಿಲ್ಲ. ಆದರೆ ವ್ಯವಸ್ಥೆಯ ಮಾದರಿಯಾಗಿ ಇದು ಅಸಾಧಾರಣವಾದದ್ದು. ವೈದ್ಯನಿಂದ ಹಿಡಿದು ನೀರು ತರುವವನವರೆಗೆ ಪ್ರತಿಯೊಬ್ಬನ ಅನ್ನವೂ ಒಂದು ಗೊತ್ತಾದ ಊರಿನ ಗೊತ್ತಾದ ಭತ್ತದಲ್ಲಿತ್ತು. ನೀರಿನವನ ಪಾಲನ್ನು ಬಿಟ್ಟಿದ್ದರೆ ವೈದ್ಯನ ೯೦ ಕಲದಿಂದಲೂ ಶಾಲೆ ನಡೆಯುತ್ತಿರಲಿಲ್ಲ.

ಕಾಕತೀಯರ ಆಂಧ್ರದೇಶದಲ್ಲಿ ಇದೇ ಮಾರ್ಗವು ಮತ್ತೊಂದು ಹೆಜ್ಜೆ ಮುಂದೆ ಹೋಗಿದೆ. ರುದ್ರಮದೇವಿಯ ಕಾಲದ ಮಲ್ಕಾಪುರದ ಶಾಸನದಲ್ಲಿ (ಶಕ ೧೧೮೩, ಕ್ರಿ. ಶ. ೧೨೬೧) ವಿಶ್ವೇಶ್ವರ ಶಿವಾಚಾರ್ಯರಿಗೆ ಸಂದ ಗ್ರಾಮಗಳ ಉತ್ಪತ್ತಿಯಿಂದ ನಡೆಯತಕ್ಕ ಧರ್ಮಗಳಲ್ಲಿ ಆರೋಗ್ಯಶಾಲೆಯೊಡನೆ ಪ್ರಸೂತಿಶಾಲೆಯೂ ಹೇಳಲ್ಪಟ್ಟಿದೆ. ಹೆರಿಗೆಯ ಗಂಡಾಂತರವನ್ನು ಮನೆಯ ಒಳಗಿನ ಸಂಗತಿಯೆಂದು ಬಿಡದೆ, ಅದಕ್ಕೆಂದು ಶಾಲೆಯೊಂದನ್ನು ದತ್ತಿಯ ಪಟ್ಟಿಯಲ್ಲಿ ಸೇರಿಸಿದ್ದು ಸ್ಮರಣೀಯವಾಗಿದೆ.

೪

ಕನ್ನಡನಾಡಿನಲ್ಲಿ ಈ ವಿಷಯಕ್ಕೆ ಪ್ರಸಿದ್ಧವಾದ ಪ್ರಮಾಣವು ಬಳ್ಳಿಗಾವೆಯ ಕೋಡಿಯಮಠದ್ದು. ತಾವರೆಗೆರೆಯ ಕೋಡಿಯ ಬಳಿಯಲ್ಲಿದ್ದ ಈ ಕಾಳಾಮುಖ ಮಠವು ದಕ್ಷಿಣಕೇದಾರೇಶ್ವರನ ಸನ್ನಿಧಿಯದು. ಕಳಚುರ್ಯ ಬಿಜ್ಜಳನ ಕಾಲದ, ಕ್ರಿ. ಶ. ೧೧೬೨ರ ಶಾಸನವು (ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟ, ಶಿಕಾರಿಪುರ ೧೦೨) ಈ ಮಠವನ್ನು ವರ್ಣಿಸುವಾಗ ‘ಸ್ಥಾನ’ ಎಂಬ ಶಬ್ದವನ್ನು ಮತ್ತೆ ಮತ್ತೆ ಪ್ರಯೋಗಿಸುತ್ತದೆ. ಅದು ವೇದಗಳ ವ್ಯಾಖ್ಯಾನಕ್ಕೆ ಸ್ಥಾನ, ವ್ಯಾಕರಣಗಳಿಗೆ ಸ್ಥಾನ, ದರ್ಶನಗಳಿಗೆ ಸ್ಥಾನ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನದ ಸ್ಥಾನ. ದಿಕ್ಕಿಲ್ಲದ ನಾನಾವಿಧ ರೋಗಿಗಳಿಗೆ ಔಷಧದ ಸ್ಥಾನ. ಸಕಲಭೂತಗಳಿಗೂ ಅಭಯದ ಸ್ಥಾನ. ತಿರುಮುಕ್ಕೂಡಲಿನಲ್ಲಿ ಚಿಕಿತ್ಸೆಯು ಒಂದು ಸಂಸ್ಥೆಯ ಜನರಿಗೆ ಮೀಸಲಾಗಿದ್ದರೆ, ಇಲ್ಲಿ ಅನಾಥನಾದ ರೋಗಿಯೇ ಮೊದಲ ಅಧಿಕಾರಿ. ಅದು ಈ ಶಾಸನದ ಹಿರಿಮೆ.

ಮಠದ ವೃತ್ತಿಯು ಒಬ್ಬ ಅರಸನ ಔದಾರ್ಯದಿಂದಲೇ ನಿಂತದ್ದಲ್ಲ. ಕಲ್ಯಾಣದ ಚಾಲುಕ್ಯರು, ಅವರನ್ನು ಮೀರಿ ಎದ್ದ ಕಳಚುರ್ಯರು, ಅವರ ತರುವಾಯ ಬಂದ ಹೊಯ್ಸಳರು ಹೀಗೆ ಒಬ್ಬರೊಡನೊಬ್ಬರು ಕಾದಾಡಿದ ರಾಜವಂಶಗಳು ಈ ಸ್ಥಾನಕ್ಕೆ ಒಂದರ ಮೇಲೊಂದು ದತ್ತಿಯನ್ನು ಬಿಟ್ಟಿವೆ. ಸಿಂಹಾಸನವು ಕೈ ಬದಲಾಯಿಸಿದರೂ ಮಠದ ಅನ್ನೌಷಧಗಳು ನಿಲ್ಲಲಿಲ್ಲ. ಶಾಪಾಶೀರ್ವಾದದ ಶ್ಲೋಕದಲ್ಲಿ ಹೇಳಿರುವ ಅನುಪಾಲನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಆದರೂ ಒಂದು ನ್ಯೂನತೆಯನ್ನು ಹೇಳದೆ ಇರಲಾಗದು. ಬಳ್ಳಿಗಾವೆಯ ಶಾಸನದಲ್ಲಿ ತಿರುಮುಕ್ಕೂಡಲಿನಂತೆ ವೈದ್ಯನಿಗೆ ಇಷ್ಟು, ಔಷಧಕ್ಕೆ ಇಷ್ಟು ಎಂಬ ಪ್ರತ್ಯೇಕ ವಿಭಾಗವಿಲ್ಲ. ಪೂಜೆ, ವಿದ್ಯೆ, ಅನ್ನ, ಔಷಧ ಎಲ್ಲವೂ ಒಂದೇ ಉತ್ಪತ್ತಿಯಲ್ಲಿ ನಡೆಯತಕ್ಕವು. ಸಮರ್ಥರಾದ ಆಚಾರ್ಯರಿರುವ ತನಕ ಇದರಿಂದ ಬಾಧಕವಿಲ್ಲ. ಉತ್ಪತ್ತಿಯು ಕುಗ್ಗಿದ ಕಾಲದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಬಂದಾಗ ಬಡರೋಗಿಯ ಪಾಲಿಗೆ ವಾದಿಸುವವರು ಯಾರು? ಕೇದಾರೇಶ್ವರನ ಗುಡಿಯು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಇಂದಿಗೂ ನಿಂತಿದೆ; ಔಷಧಸ್ಥಾನವು ಮಾತ್ರ ಶಾಸನದ ಅಕ್ಷರಗಳಲ್ಲಿಯೇ ಉಳಿದಿದೆ.

ಕ್ಷೀಣಿಸಿದ ಆರೋಗ್ಯಶಾಲೆಯೊಂದನ್ನು ಮರಳಿ ಎತ್ತಿನಿಲ್ಲಿಸಿದ ಸಂಗತಿಗೆ ಶ್ರೀರಂಗವು ಸಾಕ್ಷಿ. ಕಣ್ಣನೂರಿನಲ್ಲಿದ್ದು ತಮಿಳುನಾಡಿನ ಭಾಗವನ್ನು ಆಳಿದ ಹೊಯ್ಸಳ ವೀರರಾಮನಾಥನ ಕಾಲದಲ್ಲಿ, ಹದಿಮೂರನೆಯ ಶತಮಾನದಲ್ಲಿ, ಸಿಂಗಣ್ಣ ದಂಡನಾಯಕನು ಶ್ರೀರಂಗನಾಥನ ಆಲಯದ ಆವರಣದಲ್ಲಿ ಆರೋಗ್ಯಶಾಲೆಯನ್ನು ಸ್ಥಾಪಿಸಿದನು. ಮುಂದಿನ ಶತಮಾನದ ದಂಡಯಾತ್ರೆಗಳ ಕ್ಷೋಭೆಯಲ್ಲಿ ಅದು ಹಾಳಾಯಿತು. ಶಕ ೧೪೧೫ರಲ್ಲಿ, ಅಂದರೆ ಕ್ರಿ. ಶ. ೧೪೯೩ರಲ್ಲಿ, ಗರುಡವಾಹನ ಭಟ್ಟರೆಂಬವರು ಅದನ್ನು ಜೀರ್ಣೋದ್ಧಾರ ಮಾಡಿ ಅಲ್ಲಿ ಧನ್ವಂತರಿಯನ್ನು ಪ್ರತಿಷ್ಠಿಸಿದರೆಂದು ಶಾಸನವು ತಿಳಿಸುತ್ತದೆ. ಸ್ಥಾಪನೆಗೂ ಪುನರುದ್ಧಾರಕ್ಕೂ ನಡುವೆ ಎರಡು ಶತಮಾನಗಳಿಗೂ ಮೀರಿದ ಕಾಲವಿದೆ. ಸ್ಥಾಪಿಸಿದ ದಂಡನಾಯಕನ ಹೆಸರನ್ನು ಪುನರುದ್ಧಾರದ ಶಾಸನವು ಆದರದಿಂದ ಉಳಿಸಿಕೊಂಡಿದೆ. ಪಾಲಕನು ದಾತನ ಕೀರ್ತಿಯನ್ನೂ ಕಾಪಾಡುತ್ತಾನೆ.

೫

ಮೇಲೆ ಹೇಳಿದವೆಲ್ಲವೂ ಆಯಾ ಸ್ಥಳದ ಉತ್ಪತ್ತಿಯಿಂದ ನಡೆದ ಸಂಸ್ಥೆಗಳು. ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ಹಬ್ಬಿಸಿದ ಉದಾಹರಣೆಯು ಸಮುದ್ರದಾಚೆಯ ಕಾಂಬುಜದೇಶದಲ್ಲಿ ದೊರೆಯುತ್ತದೆ. ಅಲ್ಲಿಯ ಶಾಸನಗಳು ಸಂಸ್ಕೃತಭಾಷೆಯವು; ಸಂಸ್ಥೆಯ ಹೆಸರೂ ‘ಆರೋಗ್ಯಶಾಲಾ’ ಎಂದೇ. ೧೧೮೧ರಲ್ಲಿ ಪಟ್ಟವೇರಿದ ಏಳನೆಯ ಜಯವರ್ಮನು ತನ್ನ ರಾಜ್ಯದ ವಿಷಯಗಳಲ್ಲಿ ೧೦೨ ಆರೋಗ್ಯಶಾಲೆಗಳನ್ನು ನಡೆಸುತ್ತಿದ್ದನೆಂದು ೧೧೮೬ರ ತಾ ಪ್ರೋಮ್ ಶಾಸನದಿಂದ ತಿಳಿಯುತ್ತದೆ. ಅವುಗಳ ಮತ್ತು ದೇವಸ್ಥಾನಗಳ ನಿರ್ವಾಹಕ್ಕೆ ೮೩೮ ಗ್ರಾಮಗಳು ಗೊತ್ತಾಗಿದ್ದುವು. ರಾಜಧಾನಿಗೆ ಬಹುದೂರದ, ಇಂದಿನ ಲಾವೋಸಿನ ಸಾಯ್ ಫೋಂಗ್ ಎಂಬಲ್ಲಿ ದೊರೆತ ಆರೋಗ್ಯಶಾಲೆಯ ಶಾಸನವನ್ನು ಹೋಲುವ ಪ್ರತಿಗಳು ಬೇರೆ ಬೇರೆ ಪ್ರಾಂತಗಳಲ್ಲಿಯೂ ಸಿಕ್ಕಿವೆ. ನಾಲ್ಕು ವರ್ಣದವರಿಗೂ ಅಲ್ಲಿ ಚಿಕಿತ್ಸೆಯುಂಟು. ವರ್ಷಕ್ಕೆ ಮೂರು ಸಲ ರಾಜಭಂಡಾರದಿಂದ ಔಷಧದ್ರವ್ಯಗಳನ್ನು ಪಡೆಯಬೇಕು. ಪ್ರಜೆಗಳ ದೇಹದ ರೋಗವು ತನಗೆ ಮನಸ್ಸಿನ ರೋಗವಾಗಿ ಹೆಚ್ಚು ಬಾಧಿಸಿತೆಂಬ ಅರ್ಥದ ಮಾತನ್ನು ಹೇಳಿ, ಮುಂದಿನ ಅರಸರು ಈ ಧರ್ಮವನ್ನು ಕಾಪಾಡಬೇಕೆಂಬ ಪ್ರಾರ್ಥನೆಯೊಂದಿಗೆ ಶಾಸನವು ಮುಗಿಯುತ್ತದೆ.

ಇಂದು ಆ ಸ್ಥಳಗಳಲ್ಲಿ ಕಾಣುವುವು ಕಲ್ಲಿನ ಚಿಕ್ಕ ಗುಡಿಗಳು. ರೋಗಿಗಳು ಮಲಗುತ್ತಿದ್ದ ಮರದ ಶಾಲೆಗಳು ಉಳಿದಿಲ್ಲ.

ಎರಡು ಮಾರ್ಗಗಳ ಗುಣದೋಷಗಳು ಇದರಿಂದ ಸ್ಪಷ್ಟವಾಗುತ್ತವೆ. ಸ್ಥಳದ ಉತ್ಪತ್ತಿಯನ್ನೇ ನೆಚ್ಚಿದ ಶಾಲೆಯು ಅರಸು ಬದಲಾದರೂ ನಿಲ್ಲಬಲ್ಲದು. ಆದರೆ ಬಡ ಸೀಮೆಯಲ್ಲಿ ಅದು ಹುಟ್ಟುವುದೇ ಇಲ್ಲ, ಏಕೆಂದರೆ ಅಲ್ಲಿ ಹಂಚಿಕೊಡುವಷ್ಟು ಭತ್ತವಿರುವುದಿಲ್ಲ. ರಾಜಭಂಡಾರವನ್ನು ನೆಚ್ಚಿದ ಶಾಲೆಯು ಬಡ ಸೀಮೆಗೂ ಹೋಗಬಲ್ಲದು. ಆದರೆ ಭಂಡಾರದ ಬಂಡಿ ಬಾರದ ವರ್ಷ ಅದಕ್ಕೆ ಬೇರೆ ಗತಿಯಿಲ್ಲ. ಸ್ಥಳದ ನಿಲುಗಡೆಯನ್ನೂ ಭಂಡಾರದ ವ್ಯಾಪ್ತಿಯನ್ನೂ ಕೂಡಿಸುವುದೇ ರಾಜ್ಯನೀತಿಗೆ ಎಂದಿಗೂ ಕಠಿನವಾದ ಸಮಸ್ಯೆ.

೬

ಆಧುನಿಕ ಕಾಲದಲ್ಲಿಯೂ ಈ ಸಮಸ್ಯೆಯು ರೂಪಾಂತರದಿಂದ ಮುಂದುವರಿದಿದೆ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳನ್ನು ಒಳಗೊಂಡಿದ್ದ ಅಂದಿನ ಮದರಾಸು ಆಧಿಪತ್ಯದಲ್ಲಿ, ಪಾನಗಲ್ ರಾಜರ ಮಂತ್ರಿಮಂಡಲದ ಕಾಲದಲ್ಲಿ, ೧೯೨೪ರ ಸುಮಾರಿಗೆ, ಗ್ರಾಮಗಳಲ್ಲಿ ನೆಲೆಸುವ ವೈದ್ಯರಿಗೆ ಸರ್ಕಾರವು ವಾರ್ಷಿಕ ಸಹಾಯಧನವನ್ನು ಕೊಡುವ ಯೋಜನೆಯು ಆರಂಭವಾಯಿತು. ವೈದ್ಯನು ಬಡವರಿಗೆ ಧರ್ಮಾರ್ಥವಾಗಿ ಔಷಧ ಕೊಡಬೇಕು. ಉಳ್ಳವರಿಂದ ಶುಲ್ಕ ತೆಗೆದುಕೊಳ್ಳಬಹುದು. ಜನಪದನಿವೇಶಪ್ರಕರಣದ ಚಿಕಿತ್ಸಕನ ಭೂಮಿಯು ಇಲ್ಲಿ ನಗದುಹಣವಾಗಿ ಮಾರ್ಪಟ್ಟಿತೆನ್ನಬಹುದು. ಮೈಸೂರು ಸಂಸ್ಥಾನದಲ್ಲಿ ೧೯೫೪ ಮತ್ತು ೧೯೫೫ರ ಇನಾಂ ರದ್ದತಿಯ ಕಾಯಿದೆಗಳು ಬಂದ ಮೇಲಂತೂ ದತ್ತಿಭೂಮಿಯ ಹಳೆಯ ಆಧಾರವು ಮುಗಿದು, ಭಂಡಾರವೊಂದೇ ಆಧಾರವಾಗಿ ಉಳಿಯಿತು.

ಅಷ್ಟರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ವ್ಯವಸ್ಥೆಯೂ ರೂಪುಗೊಂಡಿತ್ತು. ೧೯೪೩ರಲ್ಲಿ ನೇಮಕವಾಗಿ ೧೯೪೬ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯು ೪೦,೦೦೦ ಜನರಿಗೆ ಒಂದರಂತೆ ಪ್ರಾಥಮಿಕ ಕೇಂದ್ರವಿರಬೇಕೆಂದು ಸೂಚಿಸಿತು. ೧೯೫೨ರಿಂದ ಸಮುದಾಯಾಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಆರೋಗ್ಯಕೇಂದ್ರಗಳು ಹುಟ್ಟಿದುವು. ಬಯಲುಸೀಮೆಯಲ್ಲಿ ೩೦,೦೦೦ ಜನರಿಗೆ, ಗುಡ್ಡಗಾಡಿನಲ್ಲಿ ೨೦,೦೦೦ ಜನರಿಗೆ ಒಂದು ಕೇಂದ್ರವೆಂಬ ಪ್ರಮಾಣವು ಮುಂದೆ ರೂಢಿಗೆ ಬಂದಿತು. ಕಟ್ಟಡಗಳ ಸಂಖ್ಯೆ ಹೆಚ್ಚಿತು. ಆದರೆ ಕೇಂದ್ರವು ಇರುವುದು ಬೇರೆ, ನಡೆಯುವುದು ಬೇರೆ ಎಂಬುದು ಬೇಗನೆ ಅನುಭವಕ್ಕೆ ಬಂದಿತು.

ಆ ಅನುಭವದ ಫಲವೇ ೨೦೦೫ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಬಂದ ಹೊಸ ಬಗೆಯ ಅನುದಾನ. ಅದರ ಮೊದಲ ವರ್ಷಗಳಲ್ಲಿ ಉಪಕೇಂದ್ರಕ್ಕೆ ವರ್ಷಕ್ಕೆ ೧೦,೦೦೦ ರೂಪಾಯಿ, ಪ್ರಾಥಮಿಕ ಆರೋಗ್ಯಕೇಂದ್ರಕ್ಕೆ ೨೫,೦೦೦ ರೂಪಾಯಿ, ಸ್ಥಳದವರೇ ಆಲೋಚಿಸಿ ವೆಚ್ಚಮಾಡತಕ್ಕ ಮುಕ್ತನಿಧಿಯಾಗಿ ಗೊತ್ತಾಯಿತು. ಪ್ರಾಥಮಿಕ ಕೇಂದ್ರದ ಕಟ್ಟಡ ಮೊದಲಾದವುಗಳ ನಿರ್ವಹಣೆಗೆ ೫೦,೦೦೦ ರೂಪಾಯಿ ಬೇರೆಯಾಗಿ ಸಂದಿತು. ಇದನ್ನು ನೋಡಿಕೊಳ್ಳುವುದಕ್ಕೆ ಕರ್ನಾಟಕದಲ್ಲಿ ಆರೋಗ್ಯ ರಕ್ಷಾ ಸಮಿತಿಗಳು ಏರ್ಪಟ್ಟುವು. ಮೊತ್ತವು ಅಲ್ಪವೆನ್ನಬಹುದು, ತತ್ತ್ವವು ಅಲ್ಪವಲ್ಲ. ಭಂಡಾರದ ಹಣವು ಸ್ಥಳದ ಕೈಗೆ ಬಂದು, ದೀಪದ ಎಣ್ಣೆಗೂ ನೀರಿಗೂ ಮೇಲಿನವರ ಅಪ್ಪಣೆಗೆ ಕಾಯಬೇಕಾದ ಸ್ಥಿತಿಯು ತಪ್ಪಲೆಂಬುದು ಅದರ ಉದ್ದೇಶ. ತಿರುಮುಕ್ಕೂಡಲಿನ ಪಟ್ಟಿಯಲ್ಲಿ ಕಾಣುವ ವಿವೇಕವೂ ಇದೇ.

ಹಣವು ಎಲ್ಲಿಗೆ ಮೊದಲು ಹೋಗಬೇಕೆಂಬ ಪ್ರಶ್ನೆಗೆ ೨೦೦೨ರಲ್ಲಿ ಒಪ್ಪಿಸಲಾದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿಯು ಕರ್ನಾಟಕದ ಮಟ್ಟಿಗೆ ಉತ್ತರವನ್ನು ಕೊಟ್ಟಿತು. ಅದು ಹಿಂದುಳಿದವೆಂದು ಗುರುತಿಸಿದ ೧೧೪ ತಾಲ್ಲೂಕುಗಳಲ್ಲಿ ೩೯ ಅತ್ಯಂತ ಹಿಂದುಳಿದವು. ಆ ೩೯ರಲ್ಲಿ ೨೧ ಕಲಬುರಗಿ ವಿಭಾಗದವು. ಹತ್ತು ಸಾವಿರ ಜನರಿಗೆ ಎಷ್ಟು ವೈದ್ಯರು, ಎಷ್ಟು ಹಾಸಿಗೆಗಳು ಎಂಬುದೂ ಆ ಗಣನೆಯ ಅಳತೆಗೋಲುಗಳಲ್ಲಿ ಸೇರಿತ್ತು. ಔಷಧದ ಗಿಡಗಳಿಲ್ಲದ ಕಡೆಯನ್ನು ಹುಡುಕಿ ಅಲ್ಲಿಗೆ ಒಯ್ಯಬೇಕೆಂಬ ಅಶೋಕನ ಶಾಸನದ ವಿಧಾನವು ಇಲ್ಲಿ ಲೆಕ್ಕದ ಭಾಷೆಯಲ್ಲಿ ಮರಳಿ ಬಂದಿದೆ.

ಉಪಸಂಹಾರರೂಪವಾಗಿ ಹೇಳತಕ್ಕದ್ದು ಇಷ್ಟು. ಆರೋಗ್ಯಶಾಲೆಗಳಿಗೆ ಸಂದ ರಾಜಸಹಾಯದ ಈ ದೀರ್ಘ ಚರಿತ್ರೆಯಲ್ಲಿ ಮೂರು ಅಂಶಗಳು ಪುನಃಪುನಃ ಕಾಣುತ್ತವೆ: ದತ್ತಿಯು ಇಲ್ಲದ ಸೀಮೆಯನ್ನು ಹುಡುಕಿಕೊಂಡು ಹೋಗಬೇಕು, ವೈದ್ಯನಿಂದ ನೀರಿನವನವರೆಗೆ ಪ್ರತಿಯೊಬ್ಬನ ಪಾಲೂ ಹೆಸರಿಟ್ಟು ಗೊತ್ತಾಗಿರಬೇಕು, ಕೊಟ್ಟದ್ದನ್ನು ಮುಂದೆ ಬಂದವರು ಕಾಪಾಡಬೇಕು. ಮೊದಲನೆಯದಿಲ್ಲದೆ ಸಹಾಯವು ಅಪಾತ್ರಕ್ಕೆ ಸಲ್ಲುತ್ತದೆ. ಎರಡನೆಯದಿಲ್ಲದೆ ಬಳ್ಳಿಗಾವೆಯ ಔಷಧಸ್ಥಾನದಂತೆ ಹೆಸರು ಮಾತ್ರ ಉಳಿಯುತ್ತದೆ. ಮೂರನೆಯದಿಲ್ಲದೆ ಕಾಂಬುಜದ ಶಾಲೆಗಳಂತೆ ಕಲ್ಲು ಮಾತ್ರ ಉಳಿಯುತ್ತದೆ. ಹೊಸ ಶಾಲೆಯ ಪ್ರವೇಶೋತ್ಸವದಲ್ಲಿ ಹೆಸರು ಕೆತ್ತಿಸಿಕೊಳ್ಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಹತ್ತು ವರ್ಷಗಳ ಮೇಲೆ ಅದೇ ಶಾಲೆಯಲ್ಲಿ ವೈದ್ಯನೂ ಔಷಧವೂ ರಾತ್ರಿಯ ದೀಪವೂ ಇರುವಂತೆ ನೋಡಿಕೊಳ್ಳುವವರಿಗೆ ಶಾಸನವಿಲ್ಲ. ಆದರೆ ಅಚ್ಯುತಪದವಿಯನ್ನು ನಮ್ಮ ಪೂರ್ವಿಕರು ಮೀಸಲಿಟ್ಟದ್ದು ಅವರಿಗೇ.